ಮೇಜಿನ ಮೇಲೊಂದು ತಾಲ್ಲೂಕಾಫೀಸು

ನನ್ನ ಮೇಜು ನೋಡಿ ಅಪ್ಪ ಮೊದಲು ಆಡಿದ ಮಾತು ಇದು: "ಮೂವತ್ಮೂರು ವರ್ಷ ಇದರಿಂದ ತಪ್ಪಿಸ್ಕೊಳ್ಳೋಕೆ ನೋಡಿದೆ. ನೀನು ದುಡ್ಡು ಕೊಟ್ಟು ಮನೆಗೇ ತಂದಿಟ್ಕೊಂಡಿದೀಯಲ್ಲಮ್ಮಾ!"

ಅಪ್ಪ ಹಾಸನದ ಕಡೆಯ ಒಂದು ತಾಲ್ಲೂಕಾಫೀಸಿಗೆ ಟೈಪಿಸ್ಟಾಗಿ ಸೇರಿ, ಪ್ರಥಮ ದರ್ಜೆ ಗುಮಾಸ್ತರಾಗಿ ರಿಟೈರ್ ಆದವರು. ನಾನು ಬೆಂಗಳೂರಿನಲ್ಲಿ ಕೂತು ಸಾಫ್ಟ್‌ವೇರ್ ಕಂಪನಿಗಳಿಗೆ ಕೈಪಿಡಿ ಬರೆದುಕೊಡುವವಳು. ಇಬ್ಬರದೂ ಕುರ್ಚಿ ಮೇಲಿನ ಕೆಲಸವೇ. ಆದರೆ ನನ್ನ ಕೆಲಸ ಕಣ್ಣಿಗೆ ಕಾಣುವುದಿಲ್ಲ. ದಿನವಿಡೀ ದುಡಿದು ಎದ್ದರೂ ಮೇಜಿನ ಮೇಲೆ ಒಂದು ಕಾಗದದ ಚೂರೂ ಜಾಸ್ತಿ ಆಗಿರುವುದಿಲ್ಲ. ಅಪ್ಪನ ಕಾಲದ ಆಫೀಸು ಸಾಮಾನಿನ ಹುಚ್ಚು ನನಗೆ ಹತ್ತಿದ್ದಕ್ಕೆ ಇದೂ ಒಂದು ಕಾರಣ ಇರಬೇಕು.

2020ರಲ್ಲಿ ಎಲ್ಲರ ಹಾಗೆ ನಾನೂ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡೆ. ಆರು ತಿಂಗಳಿಗೆ ಬೆನ್ನು ಹಿಡಿಯಿತು. ಸರಿ, ಒಂದು ಮೂಲೆ ಖಾಲಿ ಮಾಡಿ ಇಂಟರ್‌ನೆಟ್ಟಿನಲ್ಲಿ ನೋಡಿದ ಹಾಗೆ ಜಾಗ ಮಾಡಿಕೊಂಡೆ. ನೀವೂ ಆ ಫೋಟೋಗಳನ್ನು ನೋಡಿರುತ್ತೀರಿ. ಬಿಳಿ ಮೇಜು, ಬಿಳಿ ಕೀಬೋರ್ಡು, ಒಂದು ಮನಿ ಪ್ಲಾಂಟು, ಒಂದು ಕಾಫಿ ಮಗ್ಗು. ವೈರು ಒಂದೂ ಕಾಣಬಾರದು. ತುಂಬಾ ಚೆನ್ನಾಗಿತ್ತು. ಎರಡೇ ತಿಂಗಳಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಸರದಿ ಕಾಯುತ್ತಾ ಕೂತ ಹಾಗೆ ಅನ್ನಿಸತೊಡಗಿತು.

ಆಮೇಲೆ ಒಂದು ಭಾನುವಾರ ಅವೆನ್ಯೂ ರಸ್ತೆ ಕಡೆ ಪುಸ್ತಕ ನೋಡಲು ಹೋದವಳು ಗುಜರಿ ಸಾಮಾನು ಹರಡಿಕೊಂಡವರ ಮುಂದೆ ಕೂತುಬಿಟ್ಟೆ. ಟಾರ್ಪಾಲಿನ ಮೇಲೆ ಕೆಟ್ಟ ಮಿಕ್ಸಿ, ಬೀಗ, ನಲ್ಲಿ, ಹಿತ್ತಾಳೆ ಕೊಕ್ಕೆ. ಅದರ ನಡುವೆ ಒಂದು ಗಾಜಿನ ಪೇಪರ್‌ವೇಟು. ಒಳಗೆ ನೀಲಿ ಹೂವು, ನಾಲ್ಕೈದು ಗುಳ್ಳೆ, ತಳದಲ್ಲಿ ಒಂದು ಚಕ್ಕೆ ಹೋಗಿತ್ತು. ಎಂಬತ್ತು ರೂಪಾಯಿ ಅಂದರು, ಐವತ್ತಕ್ಕೆ ತಂದೆ. ಚಿಕ್ಕವಳಿದ್ದಾಗ ಅಪ್ಪನ ಆಫೀಸಿಗೆ ಹೋದರೆ ಅವರು ಕೆಲಸ ಮುಗಿಸುವ ತನಕ ನನಗೆ ಆಟದ ಸಾಮಾನು ಅಂದರೆ ಇದೇ. ಮೇಜಿನ ಮೇಲೆ ಇಟ್ಟು ಬುಗುರಿಯ ಹಾಗೆ ತಿರುಗಿಸುವುದು. ಶಿರಸ್ತೇದಾರರು ಬಂದರೆ ಗಪ್ಪನೆ ಹಿಡಿದು ನಿಲ್ಲಿಸುವುದು.

ಮನೆಗೆ ತಂದ ಮೇಲೆ ಗೊತ್ತಾಯಿತು, ನನ್ನ ಹತ್ತಿರ ಹಾರಿಹೋಗುವ ಕಾಗದವೇ ಇಲ್ಲ! ಪೇಪರ್‌ವೇಟು ಇದ್ದದ್ದು ಫ್ಯಾನಿಗಾಗಿ. ಎತ್ತರದ ಸೂರು, ಉದ್ದ ಕೋಲಿನ ಫ್ಯಾನು, ಎರಡು ಕಡೆ ಕಿಟಕಿ, ಬಿಡಿ ಹಾಳೆಗಳು. ಈಗಿನ ಆಫೀಸಿನಲ್ಲಿ ಕಿಟಕಿ ತೆಗೆಯಲಿಕ್ಕೇ ಬರುವುದಿಲ್ಲ, ಏಸಿ ಗಾಳಿಗೆ ಹಾಳೆ ಹಾರುವುದಿಲ್ಲ, ಹಾರಲು ಹಾಳೆಯೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಅದನ್ನು ಇಟ್ಟುಕೊಂಡೆ. ವಿದ್ಯುತ್ ಬಿಲ್ಲಿನ ಮೇಲೆ.

ಒಂದು ಬಂದರೆ ಇನ್ನೊಂದು ಬಂದ ಹಾಗೇ. ಬಿಳಿ ಮೇಜು ಹೋಗಿ ಸ್ಟೀಲ್ ಟೇಬಲ್ ಬಂತು. ಮುಚ್ಚಿದ ಯಾವುದೋ ಆಫೀಸಿನ ಹರಾಜಿನದು, ಬೂದಿ ಬಣ್ಣದ ಗಾಡ್ರೇಜು. ಗಾಡ್ರೇಜಿನವರು ಸ್ಟೀಲ್ ಬೀರು ಮಾಡಲು ಶುರುಮಾಡಿದ್ದು 1923ರಲ್ಲಿ. ನಮ್ಮ ಕಡೆ ಇವತ್ತಿಗೂ ಬೇರೆ ಕಂಪನಿಯದಾದರೂ ಅದು 'ಗಾಡ್ರೇಜ್ ಬೀರು'. ಮದುವೆಯಲ್ಲಿ ಮಗಳಿಗೆ ಕೊಡುವ ಬೀರು ಮನೆಯದು, ಹಸಿರು ಬೂದಿ ಬಣ್ಣದ್ದು ಆಫೀಸಿನದು. ಮೇಜಿನ ಡ್ರಾಯರ್ ಎಳೆದರೆ 'ಗ್ರ್ರ್' ಅಂತ ಬಂದು ಕೊನೆಗೆ 'ಠಕ್' ಅನ್ನುತ್ತದೆ. ಬಣ್ಣದವನು ಬಂದು, "ಪೌಡರ್ ಕೋಟಿಂಗ್ ಮಾಡಿಕೊಡ್ತೀನಿ ಮೇಡಂ, ಹೊಸದರ ಥರ ಆಗುತ್ತೆ" ಅಂದ. ಹೊಸದರ ಥರ ಆಗಬೇಕಿದ್ದರೆ ಹೊಸದೇ ತರುತ್ತಿದ್ದೆನಲ್ಲ. ಬಲಗಡೆ ಅಂಚಿನಲ್ಲಿ ಬಣ್ಣ ಪೂರ್ತಿ ಸವೆದು ತಗಡು ಹೊಳೆಯುತ್ತದೆ. ಯಾರೋ ಒಬ್ಬರು ವರ್ಷಾನುಗಟ್ಟಲೆ ಅಲ್ಲೇ ಮೊಣಕೈ ಊರಿದ್ದಾರೆ. ನನ್ನ ಮೊಣಕೈಯೂ ಸರಿಯಾಗಿ ಅಲ್ಲೇ ಬೀಳುತ್ತದೆ.

ಬೆತ್ತದ ಕುರ್ಚಿಯೂ ಸಿಕ್ಕಿತು. ಕೂರುವ ಜಾಗ ಹರಿದಿತ್ತು. ಆರು ಕಡೆಯಿಂದ ಎಳೆ ಎಳೆದು ಹೆಣೆಯುವ ಆ ಕೆಲಸ ನಮ್ಮಲ್ಲಿ ಬಹುಕಾಲ ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದ ಕಸುಬು. ಸರ್ಕಾರಿ ಆಫೀಸಿನ ಕುರ್ಚಿಗಳನ್ನು ಎಷ್ಟೋ ಕಡೆ ಅವರೇ ಹೆಣೆದುಕೊಡುತ್ತಿದ್ದರು. ನಮ್ಮ ಸೆಕೆಗೆ ಇದಕ್ಕಿಂತ ಒಳ್ಳೆಯ ಕುರ್ಚಿ ಇಲ್ಲ ಅಂತ ನನ್ನ ಅಭಿಪ್ರಾಯ. ಹತ್ತು ಸಾವಿರದ ಜಾಲರಿ ಕುರ್ಚಿಯವರು ಈಗ ಹೇಳುತ್ತಿರುವುದೂ ಅದನ್ನೇ, ಬೆನ್ನಿಗೆ ಗಾಳಿ ಆಡಬೇಕು ಅಂತ. ಬೆನ್ನ ಹಿಂದೆ ಬಿಳಿ ಟರ್ಕಿ ಟವೆಲ್ ಮಾತ್ರ ನಾನು ಹಾಕಲಿಲ್ಲ. ಅದಕ್ಕೆ ಕನಿಷ್ಠ ತಹಶೀಲ್ದಾರ್ ಆದರೂ ಆಗಿರಬೇಕು.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಟೈಪ್‌ರೈಟರ್ ತಂದೆ.

ಕನ್ನಡದ್ದೇ ಬೇಕು ಅಂತ ಹಟ ನನಗೆ. ಇಂಗ್ಲಿಷಿನವು ಸಿಗುತ್ತವೆ, ಕೆಫೆಗಳವರು ಕೊಂಡು ಅಲಂಕಾರಕ್ಕೆ ಇಡುತ್ತಾರೆ. ಕನ್ನಡದ್ದು ಕೇಳಿದರೆ ಅಂಗಡಿಯವರು, "ಅದನ್ನ ಯಾರ್ ತಗೋತಾರೆ, ಕೆಜಿ ಲೆಕ್ಕದಲ್ಲಿ ಹೋಯ್ತು" ಅಂದರು. ಕೊನೆಗೆ ಒಬ್ಬರ ಗೋಡೌನಿನಲ್ಲಿ ಗೋಣಿಚೀಲದ ಕೆಳಗೆ ಒಂದು ರೆಮಿಂಗ್ಟನ್ ಸಿಕ್ಕಿತು. ಹದಿನೈದು ಕೆಜಿಯಾದರೂ ಇತ್ತು. "ಕೆಲಸ ಮಾಡುತ್ತೆ, ಸ್ವಲ್ಪ ಎಣ್ಣೆ ಬಿಡಿ ಸಾಕು" ಅಂದರು ಮಾರಿದವರು. ಆಟೋದಲ್ಲಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ತೊಡೆ ಎರಡು ದಿನ ನೋಯುತ್ತಿತ್ತು.

ಅವರು ಹೇಳಿದ ಹಾಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಬಿಟ್ಟೆ. ಸ್ವಲ್ಪ ಅಲ್ಲ, ಧಾರಾಳವಾಗಿ. ಮೊದಲ ದಿನ ಅಕ್ಷರದ ಕಡ್ಡಿಗಳು ಸರಾಗ ಎದ್ದವು. ವಾರದ ಹೊತ್ತಿಗೆ ಒಳಗಿನ ಹಳೇ ಧೂಳೆಲ್ಲ ಎಣ್ಣೆಯಲ್ಲಿ ಕಲಸಿ ಹೋಳಿಗೆ ಕಣಕದ ಹಾಗೆ ಆಗಿ, ಒತ್ತಿದ ಅಕ್ಷರ ಅರ್ಧದಲ್ಲಿ ನಿಂತು ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಅದರ ಮೇಲೆ, ಕಾಗದ ಹಿಡಿದುಕೊಂಡು ಪಕ್ಕಕ್ಕೆ ಸರಿಯಬೇಕಾದ ಕ್ಯಾರೇಜು ಬೇರೆ ಸರಿಯುತ್ತಿರಲಿಲ್ಲ. ಎಲ್ಲ ಅಕ್ಷರವೂ ಒಂದೇ ಜಾಗದಲ್ಲಿ ಬಿದ್ದು ಕಪ್ಪು ಚುಕ್ಕೆ.

ರಿಪೇರಿಯವರನ್ನು ಹುಡುಕಿಕೊಂಡು ಹೋದೆ. ಎಪ್ಪತ್ತರ ಆಸುಪಾಸಿನವರು, ಆರಡಿ ಅಗಲದ ಅಂಗಡಿ. ಹಿಂದೆ ಬ್ಯಾಂಕು, ಕೋರ್ಟು, ಟೈಪಿಂಗ್ ಇನ್‌ಸ್ಟಿಟ್ಯೂಟುಗಳ ಮೆಷಿನ್ನೆಲ್ಲ ಇವರ ಕೈಯಲ್ಲೇ ಆಗುತ್ತಿತ್ತಂತೆ. ನನ್ನ ಮೆಷಿನ್ನಿನ ಹೊಟ್ಟೆಗೆ ಟಾರ್ಚ್ ಬಿಟ್ಟು ನೋಡಿ, ನನ್ನ ಮುಖ ನೋಡಿದರು. "ಎಣ್ಣೆ ಬಿಟ್ರಾ?" ಅಂದರು. ಡಾಕ್ಟರು "ಸಿಗರೇಟು ಸೇದ್ತೀರಾ" ಅಂತ ಕೇಳುವ ಹಾಗೆ. ಅಕ್ಷರದ ಕಡ್ಡಿಗಳು ಕೂರುವ ಸೀಳುಗಳಿಗೆ ಎಣ್ಣೆ ಸೋಕಿಸಲೇಬಾರದಂತೆ. ಅವು ಒಣಗಿಯೇ ಓಡಾಡಬೇಕು. ಹಲ್ಲುಜ್ಜುವ ಬ್ರಷ್ಷಿಗೆ ಪೆಟ್ರೋಲ್ ಅದ್ದಿ, ಒಂದೊಂದೇ ಸೀಳನ್ನು ಉಜ್ಜಿ ಉಜ್ಜಿ ತೊಳೆದರು. ಕಪ್ಪು ನೀರು ಹಳೇ ಪೇಪರಿನ ಮೇಲೆ ಇಳಿಯಿತು.

ಕ್ಯಾರೇಜು ಸರಿಯದ್ದಕ್ಕೆ ಕಾರಣ ಇನ್ನೂ ಚಿಕ್ಕದು. ಎಡಗಡೆ ಒಳಗೆ ಒಂದು ಸ್ಪ್ರಿಂಗಿನ ಡಬ್ಬಿ ಇರುತ್ತದೆ. ಅದರಿಂದ ಒಂದು ದಾರದಂಥ ಪಟ್ಟಿ ಹೊರಟು ಕ್ಯಾರೇಜಿಗೆ ಕಟ್ಟಿರುತ್ತದೆ. ನೀವು ಕ್ಯಾರೇಜನ್ನು ಬಲಕ್ಕೆ ದೂಡಿದರೆ ಸ್ಪ್ರಿಂಗು ಬಿಗಿಯಾಗುತ್ತದೆ. ಆಮೇಲೆ ಪ್ರತಿ ಅಕ್ಷರಕ್ಕೂ ಒಂದು ಹಲ್ಲಿನಷ್ಟು ಸಡಿಲ ಬಿಟ್ಟು ಎಡಕ್ಕೆ ಎಳೆಯುತ್ತದೆ. ಅಂದರೆ ಸಾಲು ಬರೆಯುವ ಶಕ್ತಿ ಬರುವುದು ನೀವು ಹಿಂದಿನ ಸಾಲು ಮುಗಿಸಿ ದೂಡಿದ ತಳ್ಳಿನಿಂದಲೇ. ನನ್ನದರಲ್ಲಿ ಆ ಪಟ್ಟಿ ತುಂಡಾಗಿತ್ತು. ಅವರು ಡ್ರಾಯರಿನಿಂದ ಮೀನು ಹಿಡಿಯುವ ನೈಲಾನ್ ದಾರ ತೆಗೆದು, ಅಳೆದು, ಗಂಟು ಹಾಕಿ, ಸ್ಪ್ರಿಂಗಿಗೆ ನಾಲ್ಕು ಸುತ್ತು ಕೊಟ್ಟರು. "ಟಕ್ ಟಕ್ ಟಕ್" ಅಂತ ಸರಿಯಿತು. ಕೊನೆಗೆ "ಟಣ್" ಅಂತ ಗಂಟೆ. ಅಂಗಡಿ ಮುಂದೆ ಹೋಗುತ್ತಿದ್ದ ಹುಡುಗ ತಿರುಗಿ ನೋಡಿದ.

ಈ ಯಂತ್ರದ ಬಗ್ಗೆ ಸ್ವಲ್ಪ ಹೇಳಲೇಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ. ಅವರ ಟೈಪ್‌ರೈಟರು 1874ರಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ನಮಗೆ ಅಕ್ಷರ, ಅದರ ಗುಣಿತ, ಒತ್ತು. ಇದೆಲ್ಲವನ್ನೂ ನಲವತ್ತು ಚಿಲ್ಲರೆ ಕೀಗಳಿಗೆ ಇಳಿಸಬೇಕು. ಒಂದು ಕೀಗೆ ಎರಡೇ ಗುರುತು. ಆ ಕೆಲಸ ಮಾಡಿದವರು ಅನಂತ ಸುಬ್ಬರಾಯರು. ಅಕ್ಷರವನ್ನು ತುಂಡು ತುಂಡು ಮಾಡಿ, ಯಾವ ತುಂಡು ಎಷ್ಟು ಅಕ್ಷರಕ್ಕೆ ಹೊಂದುತ್ತದೆ ಅಂತ ಲೆಕ್ಕ ಹಾಕಿದ್ದು. ಕೆಲವು ಕೀ ಒತ್ತಿದರೆ ಕ್ಯಾರೇಜು ಸರಿಯುವುದೇ ಇಲ್ಲ, ಮುಂದಿನ ತುಂಡು ಅದರ ಮೇಲೇ ಬಂದು ಕೂರುತ್ತದೆ. ಹೀಗಾಗಿ ಕನ್ನಡದಲ್ಲಿ ಟೈಪ್ ಮಾಡುವುದೆಂದರೆ ಅಕ್ಷರ ಒತ್ತುವುದಲ್ಲ, ಕಟ್ಟುವುದು. ಮುಂದೆ ಕಂಪ್ಯೂಟರ್ ಬಂದಾಗ ಕೆ.ಪಿ. ರಾವ್ ಅವರ ಕೀಲಿಮಣೆಯಿಂದ ಈ ತಾಪತ್ರಯ ತಪ್ಪಿತು. ತುಂಡು ಜೋಡಿಸುವ ಕೆಲಸವನ್ನು ಸಾಫ್ಟ್‌ವೇರೇ ವಹಿಸಿಕೊಂಡಿತು. ನಾವೀಗ ಮೊಬೈಲಿನಲ್ಲಿ ಸರಸರ ಬರೆಯುವಾಗ ಇದ್ಯಾವುದೂ ನೆನಪಾಗುವುದಿಲ್ಲ.

ಅಷ್ಟು ಹೊತ್ತಿಗೆ ನನ್ನ ಮೂಲೆ ಫೋಟೋಗೆ ತಯಾರಾಗಿತ್ತು. ಗಾಜು ಹಾಸಿದ ಮೇಜು, ಗಾಜಿನ ಕೆಳಗೆ ಹಸಿರು ಬನಾತು. ನಡುವೆ ಟೈಪ್‌ರೈಟರು, ಬಲಕ್ಕೆ ಬೆಂಗಳೂರು ದೂರವಾಣಿನಗರದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆಯ ಕಪ್ಪು ಡಯಲ್ ಫೋನು, ಎಡಕ್ಕೆ ಇಂಕಿನ ಬಾಟಲಿಗಳು, ಮುಂದೆ ಪಿನ್ ಕುಷನ್, ಮರದ ಹಿಡಿಯ ರಬ್ಬರ್ ಸ್ಟ್ಯಾಂಪು. ಇಳಿಬಿಸಿಲಿನಲ್ಲಿ ಫೋಟೋ ತೆಗೆದು ಹಾಕಿದೆ. ಗೆಳತಿಯರೆಲ್ಲ ಹೃದಯದ ಚಿತ್ರ ಹಾಕಿದರು. ಒಬ್ಬಳಂತೂ "ಎಷ್ಟು ಶಾಂತವಾಗಿದೆಯೇ ಆ ಕಾಲ" ಅಂತ ಬರೆದಳು.

ಆ ವಾರವೇ ಅಪ್ಪ ಊರಿಂದ ಬಂದದ್ದು.

ನಗಾಡಿದ ಮೇಲೆ ಕುರ್ಚಿ ಎಳೆದುಕೊಂಡು ಕೂತರು. ಸುಮ್ಮನೆ ಕೈ ಚಾಚಿ ನೋಡಿದರು. ಬಲಗೈ ಚಾಚಿದರೆ ಫೋನು ತಗುಲಿತು. "ಇದ್ಯಾಕೆ ಇಲ್ಲಿ? ಬಲಗೈಲಿ ಬರೀತಾ ಇರ್ತೀಯ, ಫೋನ್ ಬಂದ್ರೆ ಎಡಗೈಲಿ ಎತ್ತಬೇಕಲ್ವಾ?" ಅಂತ ಎಡಕ್ಕೆ ಇಟ್ಟರು. ಇಂಕಿನ ಬಾಟಲಿ ಎಡಗಡೆ ಇದ್ದದ್ದು ಬಲಕ್ಕೆ ಹೋಯಿತು. "ಎಡಗಡೆ ಇಟ್ರೆ ಪೆನ್ನು ಅದ್ದಿ ತರುವಾಗ ಕಾಗದದ ಮೇಲೆ ತೊಟ್ಟಿಕ್ಕುತ್ತೆ." ಪಿನ್ ಕುಷನ್ ಗಾಜಿನ ತುದಿಗೆ. ಟೈಪ್‌ರೈಟರನ್ನು ನಡುವಿನಿಂದ ಎತ್ತಿಸಿ ಪಕ್ಕದ ಸಣ್ಣ ಸ್ಟೂಲಿನ ಮೇಲೆ ಇಡಿಸಿದರು. "ಮೇಜಿನ ಎತ್ತರದಲ್ಲಿ ಇಟ್ಟು ಹೊಡೆದ್ರೆ ಸಾಯಂಕಾಲಕ್ಕೆ ಹೆಗಲು ಬಿದ್ದುಹೋಗುತ್ತೆ. ಟೈಪಿಸ್ಟಿಗೆ ಯಾವತ್ತೂ ಗಿಡ್ಡ ಮೇಜು." ಎಡಗಡೆ ಮೂಲೆ ಖಾಲಿ ಬಿಟ್ಟರು, ಬಲಗಡೆ ಮೂಲೆಯೂ ಖಾಲಿ. ಎಡದ್ದು ಆವಕ, ಬಂದ ಟಪಾಲಿಗೆ. ಬಲದ್ದು ಜಾವಕ, ಹೋಗುವ ಟಪಾಲಿಗೆ. ಹತ್ತು ನಿಮಿಷದಲ್ಲಿ ನನ್ನ ಫೋಟೋ ಪೂರ್ತಿ ಕೆಟ್ಟುಹೋಯಿತು.

ಆದರೆ ಕೂತು ನೋಡಿದರೆ ಕೈ ಹೋದಲ್ಲಿ ವಸ್ತು ಸಿಗುತ್ತಿತ್ತು. ನಾನು ಎಲ್ಲವನ್ನೂ ನೋಡುವವರ ಕಡೆಗೆ ಮುಖ ಮಾಡಿ ಇಟ್ಟಿದ್ದೆ. ಅವರು ಕೂರುವವರ ಕಡೆಗೆ ತಿರುಗಿಸಿದರು, ಅಷ್ಟೇ. ಹಳೇ ಆಫೀಸಿನ ಚಿತ್ರಗಳಲ್ಲಿ ನಮಗೆ ಕಾಣುವ ಚೆಂದ ಯಾರೂ ಚೆಂದಕ್ಕೆ ಅಂತ ಮಾಡಿದ್ದಲ್ಲ. ಒಂದೊಂದು ಸಾಮಾನೂ ಯಾವುದೋ ಒಂದು ಕಿರಿಕಿರಿ ತಪ್ಪಿಸಲು ತನ್ನ ಜಾಗ ಹಿಡಿದು ಕೂತಿತ್ತು.

ಆ 'ಶಾಂತವಾದ ಕಾಲ'ದ ಮಾತನ್ನು ಅಪ್ಪನಿಗೆ ಹೇಳಿದೆ. ಜೋರಾಗಿ ನಕ್ಕರು. "ಆರು ಮೆಷಿನ್ ಒಟ್ಟಿಗೆ ಹೊಡೆಯೋ ರೂಮಲ್ಲಿ ನಿನ್ನ ಗೆಳತೀನ ಒಂದು ದಿನ ಕೂರಿಸ್ಬೇಕು."

ಕಾರ್ಬನ್ ಕಾಗದದ ಕಥೆ ಶುರುವಾದದ್ದು ಆಗಲೇ. ಒಂದು ಅಸಲು, ನಾಲ್ಕು ನಕಲು. ಐದು ಹಾಳೆ, ನಡುವೆ ನಾಲ್ಕು ಕಾರ್ಬನ್. ಅಂಚು ಸರಿಯಾಗಿ ತಟ್ಟಿ, ರೋಲರಿಗೆ ತೂರಿಸಬೇಕು. ಒಂದು ಕಾರ್ಬನ್ ತಿರುಗುಮುರುಗಾಗಿದ್ದರೆ ಪುಟ ಮುಗಿದ ಮೇಲೇ ಗೊತ್ತಾಗುವುದು, ಹಾಳೆಯ ಬೆನ್ನಿನ ಮೇಲೆ ಕನ್ನಡಿ ಬರಹ. ಐದನೇ ಹಾಳೆಗೂ ಅಚ್ಚು ಬೀಳಬೇಕು ಅಂದರೆ ಬೆರಳಲ್ಲಿ ಕುಟ್ಟಬೇಕು. ಒಂದು ತಪ್ಪಾದರೆ ಐದು ಕಡೆ ಅಳಿಸಬೇಕು. ಅಳಿಸುವಾಗ ಹಾಳೆಗಳ ನಡುವೆ ಚೀಟಿ ಸಿಕ್ಕಿಸಬೇಕು, ಇಲ್ಲದಿದ್ದರೆ ಕೆಳಗಿನದು ಮಸಿ. ಇಮೇಲಿನಲ್ಲಿ ನಾವು ದಿನಾ ಹಾಕುವ 'ಸಿಸಿ' ಅಂದರೆ ಈ ಕಾರ್ಬನ್ ಕಾಪಿಯೇ. ಇಪ್ಪತ್ತು ಜನರಿಗೆ ಸುಮ್ನೆ ಸಿಸಿ ಹಾಕುವ ನಮ್ಮ ಮ್ಯಾನೇಜರನ್ನು ಆ ಮೆಷಿನ್ ಮುಂದೆ ಒಂದು ದಿನ ಕೂರಿಸಬೇಕು ಅಂತ ನನಗೂ ಅನ್ನಿಸಿತು.

ಇಪ್ಪತ್ತಕ್ಕಿಂತ ಜಾಸ್ತಿ ಬೇಕಾದರೆ ಸ್ಟೆನ್ಸಿಲ್. ರಿಬ್ಬನ್ ತಪ್ಪಿಸಿ, ಬರೀ ಅಕ್ಷರದ ಅಂಚಿನಿಂದ ಮೇಣದ ಹಾಳೆ ಕೊರೆಯುವುದು. ಆಮೇಲೆ ಸೈಕ್ಲೋಸ್ಟೈಲ್ ಯಂತ್ರಕ್ಕೆ ಹಾಕಿ ಕೈಯಿಂದ ತಿರುಗಿಸುವುದು. ತಿರುಗಿಸಿದ ಜವಾನನ ಅಂಗಿಗೂ ಸುತ್ತೋಲೆ ಅಚ್ಚಾಗಿರುತ್ತಿತ್ತಂತೆ.

ಕನ್ನಡ ಆಡಳಿತ ಭಾಷೆ ಅಂತ ಕಾಯ್ದೆ ಬಂದದ್ದು 1963ರಲ್ಲಿ. ಅಪ್ಪ ಕೆಲಸಕ್ಕೆ ಸೇರಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಆಗಲೂ ಅವರ ಆಫೀಸಿನಲ್ಲಿ ಇದ್ದದ್ದು ಒಂದೇ ಕನ್ನಡ ಮೆಷಿನ್. ಸರದಿ ಪ್ರಕಾರ ಕೆಲಸ. ಅಪ್ಪ ಇಂಗ್ಲಿಷ್ ಸೀನಿಯರ್, ಕನ್ನಡ ಜೂನಿಯರ್ ಎರಡೂ ಟೈಪಿಂಗ್ ಪರೀಕ್ಷೆ ಪಾಸು ಮಾಡಿದ್ದರು. ಕನ್ನಡ ಬಲ್ಲ ಟೈಪಿಸ್ಟು ಅಂತ ಎಲ್ಲ ಕಾಗದವೂ ಇವರ ತಲೆಗೇ. "ಭಾಷಾಭಿಮಾನಕ್ಕೆ ಸಿಕ್ಕ ಬಹುಮಾನ" ಅಂತ ಈಗ ನಗುತ್ತಾರೆ. ಅವರ ಬಲಗೈ ಕಿರುಬೆರಳು ಇವತ್ತಿಗೂ ಪೂರ್ತಿ ನೇರ ಆಗುವುದಿಲ್ಲ.

ಇದನ್ನು ಕೇಳಿದ ಮೇಲೆ ನನ್ನ ಮೂಲೆಯನ್ನು ಮೊದಲಿನ ಹಾಗೆ ನೋಡಲಾಗಲಿಲ್ಲ. ಹಳೇ ಸಾಮಾನು ಚೆಂದ ಕಾಣುವುದು ಅದರ ಕೆಲಸ ತಪ್ಪಿದವರಿಗೆ. ಬಾವಿ ಸೇದದವರಿಗೆ ರಾಟೆ ಚೆಂದ. ಆದರೆ ಅಪ್ಪನೂ ಪೂರ್ತಿ ನಿಜ ಹೇಳುತ್ತಿರಲಿಲ್ಲ. ಬೇಡ ಬೇಡ ಅನ್ನುತ್ತಲೇ ಪ್ರತಿದಿನ ಬೆಳಿಗ್ಗೆ ಕಾಫಿ ಆದ ಮೇಲೆ ಬಟ್ಟೆ ತಗೊಂಡು ಆ ಮೆಷಿನ್ ಒರೆಸುತ್ತಿದ್ದರು. ಒರೆಸಿ ಅದಕ್ಕೊಂದು ಹೊದಿಕೆ ಹೊದಿಸುತ್ತಿದ್ದರು. ಅಮ್ಮನ ಹಳೇ ಸೀರೆಯ ಸೆರಗು.

ಡಯಲ್ ಫೋನಿನ ಮುಂದೆ ಅವರು ಚಿಕ್ಕ ಹುಡುಗನೇ ಆಗಿಬಿಟ್ಟರು. ಲೈನು ಇಲ್ಲ ಅಂದರೂ ಡಯಲ್ ತಿರುಗಿಸಿ ಬಿಟ್ಟು ಕಿವಿಗೊಟ್ಟರು. ಬೆರಳು ಬಿಟ್ಟ ಮೇಲೆ ಅದು ವಾಪಸ್ ಬರುವಾಗ ಲೈನನ್ನು ಕಡಿದು ಕಡಿದು ಕೂಡಿಸುತ್ತದೆ. ಮೂರಕ್ಕೆ ಮೂರು ಸಲ, ಸೊನ್ನೆಗೆ ಹತ್ತು ಸಲ. ಎಕ್ಸ್‌ಚೇಂಜು ಲೆಕ್ಕ ಹಾಕುವುದು ಅದನ್ನೇ. ಅವರ ಸಾಹೇಬರೊಬ್ಬರು ಸಿಬ್ಬಂದಿ ಫೋನು ಮಾಡಬಾರದು ಅಂತ ಡಯಲಿಗೆ ಪುಟ್ಟ ಬೀಗ ಹಾಕಿ ಕೀಲಿ ಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡಿದ್ದರಂತೆ. ಅಲ್ಲಿನ ಜವಾನ ಎಂಟನೇ ಕ್ಲಾಸು ಓದಿದವನು. ರಿಸೀವರ್ ಇಡುವ ಗುಂಡಿಯನ್ನೇ ಲಯವಾಗಿ ಒತ್ತಿ ಒತ್ತಿ ಬಿಡುತ್ತಿದ್ದ. ಎರಡಕ್ಕೆ ಎರಡು, ಐದಕ್ಕೆ ಐದು, ನಡುವೆ ಒಂದು ಉಸಿರು ತಡ. ಬೀಗ ಬೀಗದ ಪಾಡಿಗೆ, ನಂಬರು ನಂಬರಿನ ಪಾಡಿಗೆ. ಮೃದಂಗ ನುಡಿಸುವವನಂತೆ ಆತ. ನಾಟಕ ಬಂದಾಗ ನಿಜವಾಗಲೂ ನುಡಿಸುತ್ತಿದ್ದನಂತೆ.

ಅರಗಿನ ಕಡ್ಡಿ ನನ್ನ ಹತ್ತಿರ ಇದ್ದದ್ದು ಅಲಂಕಾರಕ್ಕೆ. ಕೆಂಪಗೆ ಚೆನ್ನಾಗಿ ಕಾಣುತ್ತದೆ ಅಂತ ಪೆನ್ನಿನ ಲೋಟದಲ್ಲಿ ಸಿಕ್ಕಿಸಿದ್ದೆ. ಅಪ್ಪ ಅದನ್ನು ಕೈಗೆ ತಗೊಂಡು ಮೂಸಿದರು. ಅರಗು ಅಂದರೆ ಮರದ ರೆಂಬೆ ಮೇಲೆ ಸಣ್ಣ ಹುಳು ಸುರಿಸುವ ಅಂಟು. ಪಾಂಡವರಿಗೆ ಕಟ್ಟಿಸಿಕೊಟ್ಟ ಮನೆ ಇದರದೇ ಅಲ್ವಾ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಶುರುವಾಯಿತು. ಸೀಲು ಮಾಡುವ ಅರಗು ಅಲ್ಲಿಂದಲೇ ಆಫೀಸುಗಳಿಗೆ ಹೋಗುತ್ತಿತ್ತು. 1962ರ ಚುನಾವಣೆಯಿಂದ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ ಮಾಡಿದ್ದೂ ಅದೇ ಕಾರ್ಖಾನೆ. ಶಾಯಿಗೆ ದೇಶವೆಲ್ಲ ಹೆಸರು ಬಂತು, ಅರಗನ್ನು ಜನ ಮರೆತರು. ಮತಪೆಟ್ಟಿಗೆಗೆ ಬೀಳುತ್ತಿದ್ದ ಮೊಹರು ಅರಗಿನದೇ ಆಗಿತ್ತು.

ಅಕ್ಕನ ಮಗ ರಜಕ್ಕೆ ಬಂದಿದ್ದ. "ತಾತ, ಅದು ಹೇಗೆ ಕರಗುತ್ತೆ ತೋರಿಸು" ಅಂದ. ಅಪ್ಪ ಒಂದು ರಟ್ಟಿನ ಡಬ್ಬಿಗೆ ಬಟ್ಟೆ ಸುತ್ತಿ, ದಬ್ಬಣದಿಂದ ಹೊಲಿದರು. ಒಂದೊಂದು ಹೊಲಿಗೆಯೂ ಒಂದಂಗುಲ, ಅಳೆದ ಹಾಗೆ. ಗಂಟು ಬಿದ್ದ ಜಾಗದ ಮೇಲೆ ಮೇಣದಬತ್ತಿ ಹಿಡಿದು ಅರಗು ಬೆಚ್ಚಗೆ ಮಾಡಿದರು. ಮೊದಲು ಬೆವರಿತು, ಆಮೇಲೆ ಮೂಗಿಗೆ ಸುಟ್ಟ ಗೋಂದಿನ ವಾಸನೆ, ಆಮೇಲೆ ದಪ್ಪ ಹನಿ. ಉರಿಗೆ ತೀರಾ ಹತ್ತಿರ ಹಿಡಿದರೆ ಮಸಿ ಕೂತು ಕಪ್ಪಾಗುತ್ತದಂತೆ. ಹುಡುಗ ಆತುರದಿಂದ ಮುದ್ರೆ ಒತ್ತಲು ಹೋದ. "ತಡಿಯೋ, ಅಂಟ್ಕೊಳ್ಳುತ್ತೆ. ಮೊದ್ಲು ಎಂಜಲು ಹಚ್ಚು" ಅಂದರು. ಅವನಿಗೆ ಪರಮಾನಂದ. ನಮ್ಮ ಮನೆಯಲ್ಲಿ ಹಿತ್ತಾಳೆ ಮೊಹರು ಎಲ್ಲಿಂದ ಬರಬೇಕು? ಹಳೇ ಎಂಟಾಣೆ ನಾಣ್ಯ ಒತ್ತಿದೆವು. ಮೂರು ಸಿಂಹ ಅಚ್ಚುಕಟ್ಟಾಗಿ ಮೂಡಿತು. ಡಬ್ಬಿಯೊಳಗೆ ಏನಿತ್ತು ಅಂತೀರಾ? ಏನೂ ಇಲ್ಲ. ಅದನ್ನು ಒಡೆಯಲು ಆ ಹುಡುಗ ಇವತ್ತಿನವರೆಗೂ ಬಿಟ್ಟಿಲ್ಲ.

ಅವತ್ತು ರಾತ್ರಿ ದಾರ, ದಬ್ಬಣ ಎತ್ತಿಡುತ್ತಾ ಕಡತದ ಮಾತು ಬಂತು. ನಾವೀಗ ಕಡತ ಅಂದರೆ ಫೈಲು. ಕಡತ ವಿಲೇವಾರಿ, ಕಡತ ನಾಪತ್ತೆ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಆದರೆ ಹಿಂದೆ ಕಡತ ಅಂದರೆ ಒಂದು ಬಟ್ಟೆ. ಹುಣಸೆ ಬೀಜದ ಹಿಟ್ಟನ್ನು ಬೇಯಿಸಿ ಸರಿ ಮಾಡಿ, ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಎರಡೂ ಕಡೆ ಬಳಿದು ಒಣಗಿಸುತ್ತಿದ್ದರು. ಕಪ್ಪು ಹಲಗೆಯಂಥ ಉದ್ದನೆ ಪಟ್ಟಿ. ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಸಿದರೆ ಪುಸ್ತಕ. ಬಳಪದಲ್ಲಿ ಬರೆದರೆ ಬಿಳಿ ಅಕ್ಷರ. ಲೆಕ್ಕ ಮುಗಿದರೆ ಒರೆಸಿ, ಮತ್ತೆ ಸರಿ ಬಳಿದು ಬರೆಯಬಹುದು. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ರಾಶಿಯೇ ಉಳಿದಿದೆ, ಅವುಗಳಿಂದ ಚರಿತ್ರೆ ಬರೆದಿದ್ದಾರೆ. ವ್ಯಾಪಾರಿಗಳು, ಶಾನುಭೋಗರು ಇಳಿಜಾರು ಡೆಸ್ಕಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯುತ್ತಿದ್ದ ಕಾಲ. ಶಾನುಭೋಗಿಕೆಯೂ ಹೋಯಿತು, 1961ರ ಕಾಯ್ದೆಯಿಂದ. ಬಟ್ಟೆ ಹೋಗಿ ಕಾಗದ ಬಂತು, ಕಾಗದ ಹೋಗಿ ಕಂಪ್ಯೂಟರ್ ಬಂತು. ಹೆಸರು ಮಾತ್ರ ಈಗಲೂ ಕಡತವೇ. ಅಪ್ಪನ ಅಜ್ಜಿ ಮನೆಯಲ್ಲಿ ಒಂದು ಇತ್ತಂತೆ. ಮಳೆ ಬಂದಾಗ ಸೋರುವ ಹಂಚಿನ ಕೆಳಗೆ ಹಾಸಲು ಬಳಸಿ ಹಾಳು ಮಾಡಿದರಂತೆ. ನನಗೆ ಹೊಟ್ಟೆ ಉರಿಯಿತು. ಅಪ್ಪನಿಗೆ ಏನೂ ಅನ್ನಿಸಲಿಲ್ಲ. "ನೀರು ತಡೀತಲ್ಲ" ಅಂದರು.

ಹೊರಡುವ ಎರಡು ದಿನ ಮುಂಚೆ ನಮ್ಮ ಬೀದಿಯ ದೀಪದ ವಿಷಯ ಎತ್ತಿದರು. ಮೂರು ತಿಂಗಳಿಂದ ಉರಿಯುತ್ತಿರಲಿಲ್ಲ. ನಾನು ಆ್ಯಪಿನಲ್ಲಿ ಎರಡು ಸಲ ದೂರು ಹಾಕಿದ್ದೆ, ಎರಡು ಸಲವೂ 'ಪರಿಹರಿಸಲಾಗಿದೆ' ಅಂತ ಮೆಸೇಜು ಬಂದಿತ್ತು. "ಕೊಡಿಲ್ಲಿ ಎರಡು ಹಾಳೆ" ಅಂದರು ಅಪ್ಪ. ಸೆರಗಿನ ಹೊದಿಕೆ ತೆಗೆದರು. ಕಾರ್ಬನ್ ಇಟ್ಟು, ಅಂಚು ತಟ್ಟಿ, ರೋಲರಿಗೆ ತೂರಿಸಿದರು. ಬೆನ್ನು ನೆಟ್ಟಗಾಯಿತು. ಹನ್ನೆರಡು ವರ್ಷದಿಂದ ಟೈಪ್ ಮಾಡದ ಕೈ. ಮೊದಲ ಸಾಲಿನಲ್ಲಿ ಎರಡು ಕಡೆ ತಡವರಿಸಿತು. 'ಇವರಿಗೆ' ಮುಗಿದು 'ಮಾನ್ಯರೇ' ಬರುವ ಹೊತ್ತಿಗೆ ಬೆರಳುಗಳು ಅವರ ಮಾತು ಕೇಳದೆ ತಾವೇ ಓಡತೊಡಗಿದವು. ನೋಡುವ ಗೊಡವೆಯೇ ಇಲ್ಲ. ಕಣ್ಣು ಗೋಡೆ ಮೇಲೆ. ಪ್ರತಿ ಸಾಲಿಗೂ ಟಣ್, ಸರ್ರ್. ಎದುರು ಮನೆ ಅಜ್ಜಿ ಬಾಲ್ಕನಿಗೆ ಬಂದು, "ಏನಮ್ಮಾ, ಮನೇಲಿ ಕೋರ್ಟು ಶುರುಮಾಡಿದ್ರಾ?" ಅಂತ ಕೇಳಿದರು.

ಒಂದು ಪುಟದ ಅರ್ಜಿ. ವಿಷಯ, ಉಲ್ಲೇಖ, ಕಂಬದ ಸಂಖ್ಯೆ, ನನ್ನ ಎರಡು ಆ್ಯಪ್ ದೂರುಗಳ ನಂಬರು, ತಾರೀಖು. ವಿಶೇಷಣ ಒಂದೂ ಇಲ್ಲ. ನಾನು ಬರೆದಿದ್ದರೆ ಇದೇ ವಿಷಯಕ್ಕೆ ಎರಡು ಪುಟ ಸಿಟ್ಟು ಬರುತ್ತಿತ್ತು. ಅಪ್ಪ ಅಸಲಿಗೆ ನನ್ನ ಸಹಿ ಹಾಕಿಸಿ, ಬ್ರಿಲ್ ಇಂಕಿನ ಆ ಸಹಿ ಒಣಗುವ ತನಕ ಕಾದು, ನಕಲನ್ನು ಕೈಗೆ ಕೊಟ್ಟರು. "ಅಸಲು ಕೊಟ್ಟು ನಕಲಿಗೆ ಸೀಲು ಹಾಕಿಸ್ಕೊಂಡು ಬಾ. ಬಾಯಲ್ಲಿ 'ತಗೊಂಡ್ವಿ' ಅಂದ್ರೆ ಎದ್ದು ಬರ್ಬೇಡ."

ಆಫೀಸಿನಲ್ಲಿದ್ದ ಹುಡುಗಿ ನನಗಿಂತ ಚಿಕ್ಕವಳು. "ಆನ್‌ಲೈನಲ್ಲಿ ಹಾಕಬೇಕು ಮೇಡಂ" ಅನ್ನುತ್ತಲೇ ಹಾಳೆ ತಗೊಂಡಳು. ಆಮೇಲೆ ಮಾತು ನಿಲ್ಲಿಸಿ ಅದನ್ನು ತಿರುಗಿಸಿ ಹಿಂದಿನ ಮೈ ಸವರಿದಳು. ಅಕ್ಷರಗಳು ಹಾಳೆಯ ಬೆನ್ನಿಗೆ ಉಬ್ಬಿದ್ದವು. "ಇದು ಪ್ರಿಂಟ್ ಅಲ್ವಲ್ಲ?" ಅಂದಳು. ಅಲ್ಲ ಅಂದೆ. ಪಕ್ಕದ ಸೀಟಿನವರನ್ನು ಕರೆದು ತೋರಿಸಿದಳು. ಡ್ರಾಯರಿನಲ್ಲಿ ಹುಡುಕಿ ಹುಡುಕಿ ಸ್ಟ್ಯಾಂಪು ತೆಗೆದು, ನಕಲಿನ ಮೇಲೆ ಒತ್ತಿ, ತಾರೀಖು ಹಾಕಿ ಕೊಟ್ಟಳು.

ದೀಪ ಮುಂದಿನ ವಾರ ಬಂತು. ಅರ್ಜಿಯಿಂದಲೋ, ಬರುವ ಸರದಿ ಇತ್ತೋ, ದೇವರಿಗೇ ಗೊತ್ತು.

ಅವತ್ತು ಮನೆಗೆ ಬಂದು ನಕಲನ್ನು ಅಪ್ಪನ ಕೈಗೆ ಕೊಟ್ಟೆ. ಕನ್ನಡಕ ಹಣೆಗೆ ಏರಿಸಿ, ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ದಬ್ಬಣದಿಂದ ಎಡ ಮೂಲೆಗೆ ತೂತು ಮಾಡಿ, ಟ್ಯಾಗ್ ಹಾಕಿ, ಮೇಜಿನ ಬಲಗಡೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಇಟ್ಟು, ಮೇಲೆ ನೀಲಿ ಹೂವಿನ ಪೇಪರ್‌ವೇಟು ಕೂರಿಸಿದರು.

"ಸೀಲು ತೆಳುವಾಗಿದೆ" ಅಂದರು. "ಪ್ಯಾಡಿಗೆ ಇಂಕು ಹಾಕೋರು ಯಾರೂ ಇಲ್ಲ ಅಂತ ಕಾಣುತ್ತೆ ಅಲ್ಲಿ."